ಮಾವಶಿ ಆಡಲು ಒಪ್ಪದ ಮೂರನೇ ಭಾಗ

ಮಾವಶಿಯ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಆಟದ ಗುಂಡಿಗಳನ್ನು ಒತ್ತಿ ಒತ್ತಿ ಅಲ್ಲಿಯ ಚರ್ಮ ದಪ್ಪಗಟ್ಟಿ ಹಳದಿಗೆ ತಿರುಗಿತ್ತು. ಭಕ್ರಿ ತಟ್ಟುವಾಗ ಉಳಿದ ಬೆರಳುಗಳ ನಡುವೆ ಅದೊಂದರ ಗುರುತು ಹಿಟ್ಟಿನ ಮೇಲೆ ಬೇರೆಯಾಗಿ ಮೂಡುತ್ತಿತ್ತು. ಟಿವಿಯ ಮುಂದೆ ಕೂರುವಾಗ ಕನ್ನಡಕವನ್ನು ನೆತ್ತಿಗೇರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮಡಚಿಕೊಳ್ಳುತ್ತಿದ್ದರು. ಪರದೆಯ ಮೇಲಿನ ಕಾರು ಎಡಕ್ಕೆ ತಿರುಗಿದರೆ ಮಾವಶಿಯೂ ಎಡಕ್ಕೆ ವಾಲುತ್ತಿದ್ದರು. ಪಕ್ಕದಲ್ಲಿ ಕೂತವರು ಸರಿದು ಜಾಗ ಬಿಡಬೇಕಿತ್ತು. ಗೆದ್ದರೆ ಕನ್ನಡದಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದರು, ಸೋತರೆ ಮರಾಠಿಯಲ್ಲಿ ಬೈಯುತ್ತಿದ್ದರು.

ನನ್ನ ತಾಯಿಯ ತಂಗಿಯೇನೂ ಅಲ್ಲ ಅವರು. ಬೆಳಗಾವಿಯ ಅನಗೋಳದ ನಮ್ಮ ಗಲ್ಲಿಯ ಮಕ್ಕಳಿಗೆಲ್ಲ ಅವರು ಮಾವಶಿ, ಅಷ್ಟೇ. ತವರು ಖಾನಾಪುರ. ಗಂಡ ಉದ್ಯಮಬಾಗದ ಕಡೆ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದವರು, ಮಾತು ಕಡಿಮೆ. ಮಾವಶಿಯ ತಮ್ಮ ದುಬೈಯಿಂದ ಬರುವಾಗ ಆಟದ ಯಂತ್ರಗಳನ್ನು ಹೊತ್ತು ತಂದು, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಗೇಮ್ ಪಾರ್ಲರ್ ಹಾಕುತ್ತೇನೆ ಎಂದು ಟಿವಿಗಳನ್ನೂ ಕೊಂಡಿದ್ದ. ಮಳೆಗಾಲ ಮುಗಿಯುವುದರೊಳಗೆ ಬೇಸರ ಬಂದು ಮತ್ತೆ ವಿಮಾನ ಹತ್ತಿದ. ಯಂತ್ರಗಳು ಉಳಿದವು. ಮಾರಿಬಿಡು ಎಂದು ಎಲ್ಲರೂ ಹೇಳಿದರು. ಮಾರುವ ಮುಂಚೆ ಇದರಲ್ಲಿ ಏನಿದೆ ನೋಡೋಣ ಎಂದು ಮಾವಶಿ ಒಂದು ಮಧ್ಯಾಹ್ನ ಕೂತರಂತೆ. ಆಮೇಲೆ ಮಾರುವ ಮಾತು ಯಾರೂ ಎತ್ತಲಿಲ್ಲ.

ನಮ್ಮ ಭಾಗದಲ್ಲಿ ಗೇಮ್ ಪಾರ್ಲರ್ ಎಂದರೆ ಹುಡುಗರ ಜಾಗ, ಕೆಟ್ಟ ಮಾತಿನ ಜಾಗ. ಮಾವಶಿಯ ಪಾರ್ಲರಿನಲ್ಲಿ ಬೈಗುಳ ಬಾಯಿಗೆ ಬಂದರೆ ಹೊರಗಿನ ಕಟ್ಟೆ ಗುಡಿಸಬೇಕಿತ್ತು. ಬೈಯುವ ಹಕ್ಕು ಅವರೊಬ್ಬರಿಗೇ ಇತ್ತು. ನಾನು ಅಲ್ಲಿಗೆ ಹೋಗುತ್ತೇನೆಂದು ತಿಳಿದು ಅವ್ವ ಸಿಟ್ಟಿನಿಂದ ಸೀರೆ ಎತ್ತಿಕಟ್ಟಿ ಬಂದಳು. ಮಾವಶಿ ಆಟ ನಿಲ್ಲಿಸದೆಯೇ, "ಬರ್ರಿ, ಕುಂದರ್ರಿ. ನಿಮ್ಮ ಮಗಳು ಇಲ್ಲೇ ಅದಾಳ, ಬಾಗಲಾ ತಗದೈತಿ, ದಾರ್‍ಯಾಗ ಹೋಗೋರಿಗೆಲ್ಲ ಕಾಣಸ್ತಾಳ" ಎಂದರು. ಅವ್ವ ಕೂತಳು. ಮರುವಾರದಿಂದ ಅವರೆಕಾಯಿಯನ್ನು ಬುಟ್ಟಿಯಲ್ಲಿ ಅಲ್ಲಿಗೇ ತಂದು ಸುಲಿಯತೊಡಗಿದಳು. ಗಲ್ಲಿಯ ಉಳಿದ ಹುಡುಗಿಯರೂ ಬಂದರು.

ಇನ್ನು ಮಾವಶಿಯ ಕಾಟಕ್ಕೆ ಬರುತ್ತೇನೆ. ಅವರ ಜೊತೆ ಇದ್ದಷ್ಟು ವರ್ಷ ನನ್ನ ತಲೆ ಕೆಟ್ಟದ್ದೇ ಹೆಚ್ಚು. ಅದನ್ನು ಮುಚ್ಚಿಟ್ಟು ಬರೆದರೆ ಇದು ಅವರ ಚಿತ್ರವಾಗುವುದಿಲ್ಲ. ಹೊಸ ಡಿಸ್ಕ್ ಬಂದರೆ ಮೊದಲು ಅವರೇ ಆಡಬೇಕು. ಸಾರಿಗೆ ಉಪ್ಪು ನೋಡುವವರ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ಆಡುವರು, ಆಮೇಲೆ ತೀರ್ಪು ಕೊಡುವರು. "ಹೊಸಾದು ಎಲ್ಲೈತಿ ಇದ್ರಾಗ? ನಿನ್ನೀದನ್ನ ಬಿಸಿ ಮಾಡ್ಯಾರ." ಓಡುವ ಆಟ, ಹೊಡೆದಾಡುವ ಆಟ, ಗುಂಡು ಹಾರಿಸುವ ಆಟ ಯಾವುದೇ ಇರಲಿ, ಎರಡನೇ ಭಾಗ ಬಂತೆಂದರೆ ಮಾವಶಿಯ ಹುಬ್ಬು ಗಂಟಿಕ್ಕುತ್ತಿತ್ತು. ಮೂರನೆಯದು ಬಂದರೆ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಒಂದು ಫುಟ್ಬಾಲ್ ಆಟವಿತ್ತು. ವರ್ಷಕ್ಕೊಂದು ಸಲ ಹೊಸ ಡಿಸ್ಕ್ ಬರುತ್ತಿತ್ತು, ಹೆಸರಿನ ಮುಂದೆ ವರ್ಷ ಬದಲಾಗುತ್ತಿತ್ತು. ಹುಡುಗರು ಬೇಕು ಬೇಕು ಎಂದು ಜೀವ ತಿಂದರು. ಮಾವಶಿ ಖಡೇಬಜಾರಿನ ಅಂಗಡಿಯಿಂದ ತಂದರು, ಒಬ್ಬರೇ ಕೂತು ಆಡಿದರು. ಸಂಜೆ ಹುಡುಗರು ಬಂದು ನೋಡಿದರೆ ಎರಡು ಟಿವಿಗಳಲ್ಲಿ ಎರಡು ಪಂದ್ಯ ನಡೆದಿವೆ. ಒಂದರಲ್ಲಿ ಹೋದ ವರ್ಷದ ಆಟ, ಇನ್ನೊಂದರಲ್ಲಿ ಈ ವರ್ಷದ್ದು. ಅಂಕಗಳೂ ವರ್ಷವೂ ಕಾಣುವ ಮೇಲಿನ ಭಾಗಕ್ಕೆ ಒಂದೊಂದು ಪಂಚೆಯ ತುಂಡು ಇಳಿಬಿಟ್ಟಿದ್ದಾರೆ. ಎರಡೂ ಕಡೆ ಅವೇ ಎರಡು ತಂಡಗಳು.

"ಹೇಳ್ರಿ, ಹೊಸಾದು ಯಾವದು?"

ಹುಡುಗರು ನೋಡಿದರು, ಗುಂಪು ಕಟ್ಟಿಕೊಂಡು ಚರ್ಚಿಸಿದರು. ಹುಲ್ಲಿನ ಬಣ್ಣ ನೋಡಿ ಒಬ್ಬ, ಆಟಗಾರರ ಕೂದಲು ನೋಡಿ ಇನ್ನೊಬ್ಬ ಬೆರಳು ತೋರಿಸಿದ. ಎಲ್ಲರೂ ಸೇರಿ ಎಡಗಡೆಯದು ಎಂದರು. ಮಾವಶಿ ಎಡಗಡೆಯ ಪಂಚೆ ಎಳೆದರು. ಹೋದ ವರ್ಷದ್ದು.

ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮಾವಶಿ ನಗಲಿಲ್ಲ. ಆ ಡಿಸ್ಕನ್ನು ಡಬ್ಬಿಗೆ ಹಾಕಿ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಡಬ್ಬಿ ಒಡೆದಿದೆ, ವಾಪಸ್ಸು ತಗೊಳ್ಳೋದಿಲ್ಲ ಎಂದ. "ಒಡೀಲಾರದ ಒಳಗ ಏನೈತಿ ಅಂತ ಹೆಂಗ ತಿಳೀಬೇಕಪ್ಪಾ? ಅಂಗಿ ಬದಲ ಮಾಡಿ ಅದ ಮನಷ್ಯಾನ್ನ ಎರಡನೇ ಸಲ ಮದಿವಿ ಮಾಡಾಕ ಕರ್ಕೊಂಡು ಬಂದೀರಿ ನೀವು" ಎಂದು ಅಂಗಡಿ ತುಂಬ ಕೇಳುವಂತೆ ಹೇಳಿದರು. ಗಿರಾಕಿಗಳು ತಿರುಗಿ ನೋಡಿದರು. ಆತ ಕೈ ಮುಗಿದು ಬೇರೆ ಯಾವುದೋ ಡಿಸ್ಕ್ ಕೊಟ್ಟು ಕಳಿಸಿದ.

ಮಾವಶಿ ಗೆದ್ದರು ಎಂದುಕೊಂಡೆ. ಆದರೆ ಹುಡುಗರಿಗೆ ಬೇಕಾಗಿದ್ದುದು ಆ ವರ್ಷದ ಡಿಸ್ಕೇ. ಹುಲ್ಲು ಅದೇ ಇರಲಿ, ಚೆಂಡು ಅದೇ ಇರಲಿ, ಕಾಲೇಜಿನಲ್ಲಿ ಎಲ್ಲರೂ ಮಾತಾಡುವುದು ಅದರ ಬಗ್ಗೆ. ಎರಡು ಗಲ್ಲಿ ಆಚೆ ಹೊಸ ಪಾರ್ಲರ್ ಶುರುವಾಗಿತ್ತು, ಅಲ್ಲಿಗೆ ಹೋದರು. ಮಾವಶಿಯ ಕೋಣೆಯಲ್ಲಿ ಒಂದು ಟಿವಿ, ಆಮೇಲೆ ಇನ್ನೊಂದು ಟಿವಿ ಸುಮ್ಮನಾದವು. ನಾನು ಆಗ ಕಾಲೇಜಿನಲ್ಲಿದ್ದೆ, ಬುದ್ಧಿ ಹೇಳುವ ವಯಸ್ಸು.

"ಮಾವಶಿ, ನಿಮ್ಮ ಮಾತು ಖರೇ ಐತಿ. ಆದ್ರ ಗಿರಾಕಿ ಹೋಗಾಕತ್ಯಾರ. ಒಂದ ಡಿಸ್ಕ್ ತಂದಿಟ್ರ ಏನ್ ಹೋಗ್ತೈತಿ?"

"ನನ್ನ ಮಾತು ಖರೇ ಐತಿ ಅಂತೀದಿ, ಮತ್ತ ಬಿಡು ಅಂತೀದಿ. ಯಾವದಾರ ಒಂದ ಹೇಳು."

ತರಲಿಲ್ಲ. ಹಟ ಎಂದರೆ ಹಟ. ಮೊಬೈಲು ಬಂದು ಎರಡು ಗಲ್ಲಿ ಆಚೆಯ ಪಾರ್ಲರೂ ಮುಚ್ಚಿತು, ಆ ಮಾತು ಬೇರೆ. ಆದರೆ ಮಾವಶಿಯದು ಅದಕ್ಕಿಂತ ಮೊದಲು ಮುಚ್ಚಿತು, ಅವರ ಹಟದಿಂದಲೇ ಮುಚ್ಚಿತು ಎಂದು ನಾನು ಈಗಲೂ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ಅವರು ಒಂದು ಟಿವಿ, ಒಂದು ಯಂತ್ರ ಕಟ್ಟಿಕೊಂಡು ಖಾನಾಪುರದ ತವರುಮನೆಯಲ್ಲಿ ತಮ್ಮ ಪಾಲಿಗೆ ಬಂದಿದ್ದ ಎರಡು ಕೋಣೆಗಳಿಗೆ ಹೋದರು.

ನಾನು ಹಿಡಿದ ಕೆಲಸಕ್ಕೂ ಅವರೇ ಕಾರಣ. ಬೆಳಗಾವಿಯಲ್ಲೇ ಗೆಳೆಯರೊಂದಿಗೆ ಸೇರಿ ಆಟ ತಯಾರಿಸುವ ಸಣ್ಣ ಕಂಪನಿ ಮಾಡಿದೆ. ಒಟ್ಟು ನಾಲ್ಕು ಜನ, ಒಂದು ಹಾಲ್, ಕೆಳಗೆ ಬೇಕರಿ. ಮೊದಲ ಆಟ ಏನು ಮಾಡುವುದು ಎಂದು ತಿಂಗಳುಗಟ್ಟಲೆ ಜಗಳವಾಡಿದೆವು. ಒಂದು ಭಾನುವಾರ ಖಾನಾಪುರಕ್ಕೆ ಹೋಗಿದ್ದಾಗ ಮಾವಶಿ ಬಾಲ್ಯದ ಮಾತು ತೆಗೆದರು. ಸಂಜೆ ಎಮ್ಮೆಗಳು ಮನೆಗೆ ಬರದಿದ್ದರೆ ಅವರನ್ನು ಕಾಡಿನಂಚಿಗೆ ಕಳಿಸುತ್ತಿದ್ದರಂತೆ. ಮಳೆಯ ಮಬ್ಬಿನಲ್ಲಿ ಏನೂ ಕಾಣುತ್ತಿರಲಿಲ್ಲ. ನಿಂತು ಕೇಳಬೇಕು. ಪ್ರತಿ ಎಮ್ಮೆಯ ಕೊರಳ ಗಂಟೆಗೂ ಬೇರೆ ದನಿ. ಮುದಿ ಎಮ್ಮೆಯದು ಒಡಕು, ಕರುವಿನದು ಗಿಲಕಿಯಂಥದ್ದು. ಸದ್ದು ಹಿಡಿದು ಹೋದರೆ ಎಮ್ಮೆ ಸಿಗುತ್ತಿತ್ತು.

ಅದನ್ನೇ ಆಟ ಮಾಡಿದೆವು. ಕಾಡಿನಲ್ಲಿ ಒಬ್ಬ ಹುಡುಗಿ, ಮಬ್ಬು, ಗಂಟೆಗಳ ಸದ್ದು. ಮಾವಶಿಯ ದಾಯಾದಿಗಳ ಕೊಟ್ಟಿಗೆಗಳಿಗೆ ಹೋಗಿ ನಿಜವಾದ ಗಂಟೆಗಳನ್ನು ರೆಕಾರ್ಡ್ ಮಾಡಿಕೊಂಡು ಬಂದೆವು. ಮಾವಶಿ ಆಡಿ ನೋಡಿ, "ಎಮ್ಮಿ ಹಿಂಗ ನಡ್ಯಂಗಿಲ್ಲ, ಸರ್ಕಸ್ಸಿನ ಕುದುರಿ ಆಗೇತಿ" ಎಂದರು. ತಿದ್ದಿದೆವು. ಚೆನ್ನಾಗಿದೆ ಎನ್ನಲಿಲ್ಲ. ಆಟ ಹೊರಬಂದು, ನಾವು ಕನಸಿನಲ್ಲೂ ಎಣಿಸದಷ್ಟು ಜನ ಎಲ್ಲೆಲ್ಲಿಯವರೋ ಆಡಿದರು. ಸುದ್ದಿ ಹೇಳಲು ಕುಂದಾ ತೆಗೆದುಕೊಂಡು ಓಡಿದೆ. ಕುಂದಾ ತಿಂದರು. "ಮುಂದ ಏನ್ ಮಾಡ್ತೀರಿ?" ಎಂದರು.

ಮುಂದೆ ಎರಡನೇ ಭಾಗ ಮಾಡಿದೆವು. ಆಟವನ್ನು ಮಾರುಕಟ್ಟೆಗೆ ಬಿಡುವ ದೊಡ್ಡ ಕಂಪನಿಯೊಂದು ನಮ್ಮ ಹಿಂದೆ ನಿಂತಿತ್ತು. ಜನಕ್ಕೆ ಇಷ್ಟವಾಗಿದೆ, ಅದನ್ನೇ ಇನ್ನಷ್ಟು ಕೊಡಿ ಎಂದಿತು. ಎಮ್ಮೆಗಳು ಹೆಚ್ಚಾದವು, ಕಾಡು ದೊಡ್ಡದಾಯಿತು. ಗಂಟೆಯ ಸದ್ದಿನಿಂದ ಹುಡುಕುವುದು ಕಷ್ಟ ಎಂದು ಕೆಲವರು ದೂರಿದ್ದರಿಂದ ಎಮ್ಮೆ ಇರುವ ಕಡೆ ತೋರಿಸುವ ಬಾಣದ ಗುರುತೊಂದನ್ನು ಪರದೆಯ ಮೇಲೆ ಹಾಕಿದೆವು. ಮೂರನೇ ಭಾಗದಲ್ಲಿ ಆಡುಗಳನ್ನು ತಂದೆವು. ಈ ಮೂರನೆಯದರ ದುಡ್ಡಿನಲ್ಲಿ ಮುಂದೆ ನಮಗೆ ಬೇಕಾದ ಹೊಸದನ್ನು ಮಾಡೋಣ ಎಂದುಕೊಂಡಿದ್ದೆವು. ಎಲ್ಲ ಕಂಪನಿಗಳೂ ಹಾಗೆಯೇ ಅಂದುಕೊಳ್ಳುತ್ತವೆ ಎಂದು ಕಾಣುತ್ತದೆ.

ಮೂರನೆಯದನ್ನು ಮಾವಶಿಯ ಮುಂದಿಟ್ಟೆ. ಸ್ವಲ್ಪ ಆಡಿದರು. ಕಂಟ್ರೋಲರನ್ನು ಚಾಪೆಯ ಮೇಲಿಟ್ಟರು.

"ಇದನ್ನ ನಾ ಆಡೇನಿ."

"ಹೆಂಗ ಆಡಿರ್ತೀರಿ ಮಾವಶಿ? ನಿನ್ನೆ ಸಂಜಿ ಮುಗದೈತಿ. ನಮ್ಮ ಆಫೀಸಿನವ್ರ ಬಿಟ್ರ ಯಾರೂ ಮುಟ್ಟಿಲ್ಲ."

"ಎರಡ ಸಲ ಆಡೇನಿ. ಮೊದಲ ಎಮ್ಮಿ ಇದ್ದೂ. ಆಮ್ಯಾಲೆ ಭಾಳ ಎಮ್ಮಿ ಇದ್ದೂ. ಈಗ ಆಡು ಬಂದಾವು."

"ಆಡು ಬ್ಯಾರೆ ನಮೂನಿ ಓಡ್ತಾವ್ರೀ. ಗುಡ್ಡಾ ಹತ್ತತಾವು."

"ಹತ್ತಲಿ ಬಿಡು. ನಾ ಏನ್ ಮಾಡಬೇಕು? ಬೆನ್ನ ಹತ್ತಬೇಕು, ಹಿಡಕೊಂಡು ಬರಬೇಕು. ಹೊಸಾದು ಎಲ್ಲೈತಿ?"

ನನಗೆ ತಡೆಯಲಾಗಲಿಲ್ಲ. ರಾತ್ರಿ ಹಗಲು ದುಡಿದಿದ್ದೆವು. ನಾಲ್ಕು ಮನೆಗಳ ಒಲೆ ಉರಿಯುವುದು ಇದರಿಂದ ಎಂದೆ. ಜನ ಗೊತ್ತಿದ್ದದ್ದನ್ನೇ ಕೇಳುತ್ತಾರೆ, ಹೊಸದು ಕೊಟ್ಟರೆ ಮುಟ್ಟುವುದಿಲ್ಲ ಎಂದೆ. ಆಮೇಲೆ, ಬಹಳ ದಿನದಿಂದ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದ ಮಾತನ್ನೂ ಆಡಿಬಿಟ್ಟೆ. "ನೀವು ಆ ಹಳೇ ಕಾರ್ ರೇಸ್ ಆಟಾನ ದಿನಾ ಮಧ್ಯಾಹ್ನ ಆಡ್ತೀರಲ್ಲ? ಅದ ರೋಡು, ಅದ ತಿರುವು. ನಾ ಸಣ್ಣಾಕಿ ಇದ್ದಾಗಿಂದ ನೋಡಾಕತ್ತೇನಿ. ನಿಮಗ ಬ್ಯಾಸರ ಬರಂಗಿಲ್ಲೇನ್ರಿ?"

"ಯಾಕ ಬರ್ತೈತಿ? ನನ್ನ ಆಟ ಅದು, ನಾ ಸಾಯೂತನಾ ಆಡ್ತೀನಿ. ಆದ್ರ ಅದನ್ನ ಹೊಸಾದು ಅಂತ ಹೇಳಿ ಮಂದಿಗೆ ಮಾರಾಕ ಹೋಗಂಗಿಲ್ಲ."

ಊಟ ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡಿ, ಬೆಳಗಾವಿಗೆ ಮುಂಚಿನ ಮಚ್ಛೆ ಊರು ಬರುವ ಹೊತ್ತಿಗೆ ಗೆದ್ದೂ ಬಿಟ್ಟೆ. ಆದರೆ ಅಲ್ಲಿ ಕೇಳಿಸಿಕೊಳ್ಳಲು ಮಾವಶಿ ಇರಲಿಲ್ಲ. ಮೂರನೇ ಭಾಗ ಎರಡನೆಯದಕ್ಕಿಂತ ಚೆನ್ನಾಗಿಯೇ ಮಾರಾಟವಾಯಿತು. ಫೋನ್ ಮಾಡಿ ಅದನ್ನು ಹೇಳಬೇಕೆಂದು ಕೈ ತುರಿಸುತ್ತಿತ್ತು, ಮಾಡಲಿಲ್ಲ. ಅವರೂ ಮಾಡಲಿಲ್ಲ.

ಕೊನೆಗೆ ಫೋನ್ ಮಾಡಿದ್ದು ಖಾನಾಪುರದಲ್ಲಿ ಅವರ ಪಕ್ಕದ ಮನೆಯಲ್ಲಿದ್ದ ಹೆಂಗಸು. ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಆಕೆ ಮಾವಶಿಗೆ ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚುತ್ತಿದ್ದರು. "ಬಂದು ನೋಡಿ ಹೋಗ್ರಿ. ಸಕ್ಕರಿ ಕಾಯಿಲೆ ಕಣ್ಣಿಗೆ ಇಳದೈತಿ. ಬೆಳಗಾವಿ ಡಾಕ್ಟರು ಕೈ ಚೆಲ್ಯಾರ. ಆಕಿ ನಿಮಗ ಹೇಳಂಗಿಲ್ಲ" ಎಂದರು.

ಮರುದಿನವೇ ಹೋದೆ. ಓಣಿಯಲ್ಲಿ ಕಾಲಿಡುವಾಗಲೇ ಗಂಟೆಗಳ ಸದ್ದು ಕೇಳಿತು. ಯಾರದೋ ಎಮ್ಮೆಗಳು ಎಂದುಕೊಂಡೆ. ಒಳಗೆ ಮಾವಶಿ ಟಿವಿಗೆ ಓರೆಯಾಗಿ, ಒಂದು ಕಿವಿ ಅದರ ಕಡೆ ಮಾಡಿ ಕೂತಿದ್ದರು. ಕಣ್ಣು ಗೋಡೆಯ ಕಡೆ. ಆಡುತ್ತಿದ್ದುದು ನಮ್ಮ ಮೊದಲನೇ ಭಾಗ. "ಬಲಕ್ಕ... ಹಿಂದ... ಹಾಂ, ಇದು ಮುದಿ ಎಮ್ಮಿ" ಎನ್ನುತ್ತ ಹುಡುಗಿಯನ್ನು ಮಬ್ಬಿನಲ್ಲಿ ನಡೆಸಿದರು. ಎಮ್ಮೆ ಸಿಕ್ಕಿತು. ನಾನು ಬಾಗಿಲಲ್ಲೇ ನಿಂತು ಉಳಿದ ಎಮ್ಮೆಗಳೂ ಸಿಗುವವರೆಗೆ ನೋಡಿದೆ. ಒಂದನ್ನೂ ಬಿಡಲಿಲ್ಲ.

ನನ್ನ ಕಾಲ ಸಪ್ಪಳ ಗುರುತಿಸಿದ್ದರು. "ನಿನ್ನ ಆಡು ಹಚ್ಚು ನೋಡೂಣು" ಎಂದರು. ಮೂರನೇ ಭಾಗ ಹಾಕಿದೆ. ಕಂಟ್ರೋಲರ್ ಹಿಡಿದು ಕಿವಿಗೊಟ್ಟರು. "ಹಾಡು ಬಂದ್ ಮಾಡು." ಸಂಗೀತ ನಿಲ್ಲಿಸಿದೆ. ಎಲ್ಲ ಆಡುಗಳ ಕೊರಳಲ್ಲೂ ಒಂದೇ ಗಂಟೆ. ಎಡ ಬಲ ಎಲ್ಲ ಕಡೆಯಿಂದ ಒಂದೇ ಸಮ ಕೇಳುತ್ತಿತ್ತು. ಮಾವಶಿ ಹುಡುಗಿಯನ್ನು ಒಂದು ಮರಕ್ಕೆ ಡಿಕ್ಕಿ ಹೊಡೆಸಿದರು, ತಿರುಗಿಸಿದರು, ಮತ್ತೆ ಅದೇ ಮರ.

"ಮ್ಯಾಲೆ ಬಾಣದ ಗುರುತು ಐತ್ರಿ," ಎಂದೆ, ಯೋಚನೆಯಿಲ್ಲದೆ.

"ಬಾಣ ಕಾಣೂದಿದ್ರ ಹಾಡು ಯಾಕ ಬಂದ್ ಮಾಡಸ್ತಿದ್ದೆ?"

ಅವರ ಪಕ್ಕದಲ್ಲಿ ಕೂತೆ. ನಾವು ಕಾಡನ್ನು ಮತ್ತೆ ಮತ್ತೆ ಮಾಡಿದ್ದೆವು, ಹುಡುಗಿಯನ್ನೂ ಅವಳ ಕೆಂಪು ಲಂಗವನ್ನೂ ಮತ್ತೆ ಮತ್ತೆ ಮಾಡಿದ್ದೆವು. ನಮ್ಮದೇ ಎನ್ನಬಹುದಾದದ್ದು ಆ ಬೇರೆ ಬೇರೆ ಗಂಟೆಗಳಷ್ಟೇ. ಬಾಣ ಬಂದ ಮೇಲೆ ಅವುಗಳ ಅಗತ್ಯವಿಲ್ಲ ಎಂದು ನಾವೇ ತೆಗೆದುಹಾಕಿದ್ದೆವು, ಅದರಿಂದ ಹೋದದ್ದೇನು ಎಂಬುದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಮಾವಶಿಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ತಿರುಗಿ ನಮ್ಮ ಆಫೀಸಿನ ಕಡೆ ಹೊರಟಿತು.

ಕಂಪನಿಗೆ ನಾಲ್ಕನೇ ಭಾಗ ಬೇಕಾಗಿತ್ತು. ನನಗೆ ಪರದೆ ನೋಡದೆಯೇ ಆಡುವ ಆಟ ಬೇಕಾಗಿತ್ತು. ಕತ್ತಲೆಯ ಪರದೆ, ಬರೀ ಸದ್ದು, ಕಾಡಿನ ಆಚೆ ಸಂತೆಗೆ ಹೋದ ಹೆಂಗಸು ಮಂಜಿನಲ್ಲಿ ಮನೆಗೆ ಮರಳುವುದು. ದಿನಗಟ್ಟಲೆ ಕೂಗಾಡಿದೆವು. ಗೆಳೆಯರಲ್ಲಿ ಇಬ್ಬರು ಒಪ್ಪಿದರು, ಒಬ್ಬ ಬಿಟ್ಟುಹೋದ. ದೊಡ್ಡ ಕಂಪನಿ, ಶುಭವಾಗಲಿ ಎಂದು ಹೇಳಿ ಕೈ ತೊಳೆದುಕೊಂಡಿತು.

ವಾರ ವಾರ ಖಾನಾಪುರಕ್ಕೆ ಹೋಗಿ ಮಾವಶಿಯಿಂದ ಆಡಿಸಿದೆ. ಕೃತಜ್ಞತೆಯಿಂದ ಆಡುತ್ತಾರೆ ಎಂದುಕೊಂಡಿದ್ದರೆ ನಾನೇ ಮೂರ್ಖಳು. "ಇದು ಮಲಪ್ರಭಾ ಏನು? ನಳಾ ಬಿಟ್ಟಂಗ ಕೇಳ್ತೈತಿ." ಹೊಳೆಯ ದಂಡೆಯಲ್ಲಿ ಕೂತು ಮತ್ತೆ ರೆಕಾರ್ಡ್ ಮಾಡಿದೆವು. "ಈ ಹೆಂಗಸಿಗೆ ದಮ್ ಹತ್ತಂಗಿಲ್ಲೇನು? ಬುಟ್ಟಿ ಹೊತ್ತಾಳ, ಗುಡ್ಡಾ ಏರಾಕತ್ತಾಳ." ಉಸಿರು ಸೇರಿಸಿದೆವು. ನಾವು ಬಹಳ ಕಷ್ಟಪಟ್ಟು ಮಾಡಿದ ಮೂರನೇ ಹಂತವನ್ನು ಮುಗಿಸಿ, "ಹೊಳಿ ದಾಟಿ ಬಂದೆ, ಮತ್ತ ಹೊಳೀನ ದಾಟಸ್ತಿ. ಎರಡನೇದಕ್ಕೂ ಇದಕ್ಕೂ ಏನ್ ಫರಕು?" ಎಂದರು. ಅವತ್ತು ನಾನು ಕೂಗಾಡಿದೆ. ಒಂದು ಸಲವಾದರೂ ಒಂದು ಒಳ್ಳೆಯ ಮಾತು ಬರುವುದಿಲ್ಲವೇ ನಿಮ್ಮ ಬಾಯಲ್ಲಿ ಎಂದೆ. ಮಾವಶಿ ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿ, "ಚಾ ಮಾಡು" ಎಂದರು. ಬೆಳಗಾವಿಗೆ ಬಂದು ಆ ಹಂತವನ್ನು ಕಣ್ಣು ಮುಚ್ಚಿ ಆಡಿ ನೋಡಿದೆ. ಫರಕು ಇರಲಿಲ್ಲ. ಕಿತ್ತುಹಾಕಿದೆವು.

ಚಳಿ ಶುರುವಾಗುವ ಹೊತ್ತಿಗೆ ಆಟ ಬಹುತೇಕ ಮುಗಿದಿತ್ತು. ಮಾವಶಿ ಕೊನೆಯವರೆಗೆ ಒಮ್ಮೆ ಆಡಿದರು. ಹೆಂಗಸು ಮನೆ ಸೇರಿ ಬಾಗಿಲು ತಟ್ಟಿ, ಒಳಗಿನಿಂದ ಅಗುಳಿ ತೆಗೆಯುವ ಸದ್ದು ಕೇಳಿಸಿ ಆಟ ಮುಗಿಯುತ್ತದೆ. ಏನಾದರೂ ಹೇಳುತ್ತಾರೆ ಎಂದು ಕಾದೆ. "ಮುಂದ ಏನ್ ಮಾಡ್ತೀರಿ?" ಎಂದರು. ಹದಿನೈದು ದಿನಕ್ಕೆ, ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು.

ಆಟ ಹೊರಬಂತು. ಎಮ್ಮೆಗಳಷ್ಟು ಓಡಲಿಲ್ಲ, ಆಫೀಸಿನ ಬಾಡಿಗೆ ಕಟ್ಟಿಕೊಂಡು ಹೋಗುವಷ್ಟು ಓಡಿತು. ಕಣ್ಣು ಕಾಣದ ಒಬ್ಬರು ಧಾರವಾಡದಿಂದ ಧ್ವನಿಸಂದೇಶ ಕಳಿಸಿ, ಎರಡನೇ ಹಂತ ಭಾಳ ಸಸಾರ ಆಗೇತಿ, ನಮ್ಮನ್ನೇನ್ ಸಣ್ಣ ಮಕ್ಕಳು ಅಂತ ತಿಳದೀರೇನು ಎಂದು ಬೈದರು. ಅದನ್ನು ಕೇಳಿಸಲು ಯಾರಿದ್ದಾರೆ ಎಂದು ಯೋಚಿಸುತ್ತ ಬಹಳ ಹೊತ್ತು ಫೋನ್ ಹಿಡಿದು ಕೂತಿದ್ದೆ.

ಆ ವಾರ ಖಾನಾಪುರಕ್ಕೆ ಹೋದೆ. ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಆಟ ಬಂತು ಎಂದು ಹೇಳಿದೆ. ಆಕೆ ಕೈ ಒರೆಸಿಕೊಂಡು ನಕ್ಕರು.

"ನಿಮ್ಮ ಮಾತು ಇಲ್ಲದ ದಿನಾನ ಇದ್ದಿಲ್ಲ ಆಕಿದು. ಆ ಹುಡಗಿ ಮಾಡಿದಂಗ ಯಾರಿಗೂ ಮಾಡಾಕ ಬರಂಗಿಲ್ಲ ಅಂತಿದ್ಲು. ಎಮ್ಮಿ ಆಟ ಬಂದಾಗ ಓಣಿ ತುಂಬ ಕರದು ತೋರ್ಸ್ಯಾಳ."

"ನನ್ನ ಮುಂದ ಒಂದ ಸಲಾನೂ ಅಂದಿಲ್ಲಲ್ರಿ."

"ನಾ ಕೇಳಿದ್ನಿ, ಆಕಿಗೆ ಯಾಕ ಹೇಳಂಗಿಲ್ಲ ಅಂತ. ಹೇಳಬ್ಯಾಡ್ರಿ ಅಂದ್ಲು. ಚಲೋ ಆಗೇತಿ ಅಂದ್ರ ಮತ್ತ ಅದನ್ನ ಮಾಡ್ಕೋಂತ ಕುಂದರ್ತಾಳ ಅಂದ್ಲು."

ಇಷ್ಟು ವರ್ಷ ಆ ಒಂದು ಮಾತಿಗಾಗಿ ಈ ಊರಿಗೆ ಬಸ್ಸು ಹತ್ತಿ ಬಂದಿದ್ದೇನೆ, ಅದು ಓಣಿಯ ಎಲ್ಲರಿಗೂ ಸಿಕ್ಕಿದೆ. ಮೈಯೆಲ್ಲ ಉರಿದುಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ, ಒಳಗೆ ಹೋಗಿ ಮಾವಶಿಯ ಜೊತೆ ಚೆನ್ನಾಗಿ ಜಗಳ ತೆಗೆಯಬೇಕೆಂದು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ ಹಾಕಿತ್ತು.